ಕಾಲ್ಪನಿಕ ಸಾಮ್ರಾಜ್ಯದ ಮಹಾಕಥನದಲ್ಲಿ ದಂಗೆಯನ್ನು ನಂಬುವಂತೆ ಬರೆಯುವುದು ಹೇಗೆ?

ದುಷ್ಟ ರಾಜನನ್ನು ಚಿತ್ರಿಸುವ ಮೊದಲು ಅವನ ಕಂದಾಯವನ್ನು ಯಾರು, ಹೇಗೆ ವಸೂಲಿ ಮಾಡುತ್ತಾರೆ ಎಂಬುದನ್ನು ನಿರ್ಧರಿಸಿಕೊಳ್ಳಿ. ರಾಜನ ಬಲವೆಲ್ಲ ಅವನ ಹೆಸರಿನಲ್ಲಿ ತೆರಿಗೆ ಎತ್ತುವ, ಲೆಕ್ಕ ಬರೆಯುವ, ಕಾವಲು ಕಾಯುವ ಜನರ ವಿಧೇಯತೆಯಲ್ಲಿರುತ್ತದೆ. ಆ ಏರ್ಪಾಡು ಕೆಳಗಿನವರಿಗೆ ಅಸಹನೀಯವಾದಾಗ ದಂಗೆ ಹುಟ್ಟುತ್ತದೆ.

1830–31ರಲ್ಲಿ ನಗರ ಎಂಬ ಪ್ರಾಂತ್ಯದಲ್ಲಿ (ಇಂದಿನ ಶಿವಮೊಗ್ಗ ಜಿಲ್ಲೆಯ ಕಡೆ) ನಡೆದ ರೈತ ದಂಗೆಯನ್ನೇ ನೋಡಿ. ಆಗಿನ ಮೈಸೂರು ಸಂಸ್ಥಾನದ ಶರತ್ತು ಪದ್ಧತಿಯಲ್ಲಿ ಅಮಲ್ದಾರನು, ಅಂದರೆ ತಾಲ್ಲೂಕಿನ ಕಂದಾಯಾಧಿಕಾರಿಯು, ಇಂತಿಷ್ಟು ಹಣ ಸಂಗ್ರಹಿಸಿ ಕೊಡುವುದಾಗಿ ಒಪ್ಪಂದ ಬರೆದುಕೊಡುತ್ತಿದ್ದನು. ಕಡಿಮೆ ಬಿದ್ದುದನ್ನು ಕೈಯಿಂದ ತುಂಬಬೇಕಾಗಿದ್ದರಿಂದ, ಮಳೆ ಬರಲಿ ಬಿಡಲಿ, ಅವನು ರೈತರನ್ನು ಹಿಂಡುತ್ತಿದ್ದನು. ರೈತರು ಕೂಟ ಕಟ್ಟಿ ಪ್ರತಿಭಟಿಸಿದರು. ನಗರದ ಹಳೆಯ ಅರಸುಮನೆತನದ ವಾರಸುದಾರ ತಾನೆಂದು ಹೇಳಿಕೊಂಡ ಬೂದಿ ಬಸವಪ್ಪನು ಆ ಸಿಟ್ಟಿನ ಬೆನ್ನೇರಿ ನಾಯಕನಾದನು. (ಭವಿಷ್ಯವಾಣಿಯ ಬಲದಿಂದ ಬರುವ ರಾಜಕುಮಾರರನ್ನು ಸೃಷ್ಟಿಸುವವರು ಈತನನ್ನೊಮ್ಮೆ ನೆನೆಯುವುದು ಒಳ್ಳೆಯದು.) ಕೊನೆಗೆ ಅಧಿಕಾರ ಸಿಕ್ಕಿದ್ದು ಮೂರನೆಯವರಿಗೆ: ದುರಾಡಳಿತದ ಕಾರಣ ಒಡ್ಡಿ ಈಸ್ಟ್ ಇಂಡಿಯಾ ಕಂಪನಿಯು 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವನ್ನು ಕಿತ್ತುಕೊಂಡಿತು, ಅದು ಅರಸುಮನೆತನಕ್ಕೆ ಮರಳಿದ್ದು 1881ರಲ್ಲಿ.

ಆದ್ದರಿಂದ ಕೋಟೆ ಬಿದ್ದ ದಿನಕ್ಕೇ ಕಥೆಯನ್ನು ನಿಲ್ಲಿಸದೆ, ಮರುವರ್ಷದ ಕಂದಾಯವನ್ನು ಯಾರು ಎತ್ತುತ್ತಾರೆ, ಹಳೆಯ ಶಾನುಭೋಗರು ಯಾರ ಪರ ನಿಲ್ಲುತ್ತಾರೆ, ಪಕ್ಕದ ರಾಜ್ಯ ಏನು ಹೊಂಚು ಹಾಕುತ್ತಿದೆ ಎಂಬುದನ್ನೂ ಬರೆಯಿರಿ. ನಿಮ್ಮ ಲೋಕದಲ್ಲಿ ಮಂತ್ರಶಕ್ತಿಯಿದ್ದರೆ ಅದನ್ನು ಕಲಿಯುವ ಹಕ್ಕು ಯಾರಿಗಿದೆ, ಅದರ ಬೆಲೆಯನ್ನು ಯಾರು ತೆರುತ್ತಾರೆ ಎಂಬುದೂ ಇದೇ ಲೆಕ್ಕಕ್ಕೆ ಸೇರುತ್ತದೆ.