ಪ್ರಾಡಕ್ಟ್ ಫೋಟೋಗ್ರಫಿ ಸ್ಟುಡಿಯೋದಲ್ಲಿ ದಿನವಿಡೀ ಫೋಟೋ ತೆಗೆಯುವುದೇ ಕೆಲಸವಾ?

ಇಲ್ಲ. ಕ್ಲಿಕ್ ಮಾಡುವುದು ಕಡಿಮೆ, ಒರೆಸುವುದು ಜಾಸ್ತಿ. ಕ್ಯಾಮೆರಾ ಸುಮ್ನೆ ಟ್ರೈಪಾಡ್ ಮೇಲೆ ಕೂತಿರುತ್ತದೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಲೆನ್ಸಿನ ಕಿಂಡಿ ಎಫ್/11ರ ಆಸುಪಾಸು. ಚಿತ್ರ ಕೇಬಲ್‌ನಲ್ಲಿ ನೇರ ಕಂಪ್ಯೂಟರಿಗೆ ಬರುತ್ತದೆ. ಅಲ್ಲಿ ಜೂಮ್ ಮಾಡಿದರೆ ಬರಿಗಣ್ಣಿಗೆ ಕಾಣದ ಧೂಳು, ಬೆರಳ ಗುರುತು ಎಲ್ಲಾ ಎದ್ದು ಕಾಣುತ್ತವೆ. ಅದಕ್ಕೇ ಹತ್ತಿ ಗ್ಲೌಸ್, ಬ್ರಷ್, ಬ್ಲೋವರ್ ಸದಾ ಪಕ್ಕದಲ್ಲಿರಬೇಕು.

ಎಲ್ಲಕ್ಕಿಂತ ಸತಾಯಿಸುವುದು ಸ್ಟೀಲ್ ಪಾತ್ರೆ. ಒಂದು ಚೊಂಬು ಇಟ್ಟರೆ ಅದರಲ್ಲಿ ಲೈಟು, ಕ್ಯಾಮೆರಾ, ಸೀಲಿಂಗ್ ಫ್ಯಾನು, ನಿಮ್ಮ ಮುಖ ಎಲ್ಲಾ ಹಾಜರ್! ಹಾಗಾಗಿ ಚೊಂಬಿಗೆ ನೇರ ಬೆಳಕು ಬಿಡುವುದಿಲ್ಲ. ಸುತ್ತ ಟ್ರೇಸಿಂಗ್ ಪೇಪರ್ ಕಟ್ಟಿ, ಅದರ ಹಿಂದಿನಿಂದ ಬಿಡುತ್ತೇವೆ. ಬರೀ ಬಿಳಿಯಾದರೆ ಪಾತ್ರೆ ಚಪ್ಪಟೆ ಕಾಣುತ್ತದೆ. ಪಕ್ಕದಲ್ಲಿ ಒಂದು ಕಪ್ಪು ರಟ್ಟು ನಿಲ್ಲಿಸಿ ನೋಡಿ, ಅಂಚಿನಲ್ಲಿ ಕಪ್ಪು ಗೆರೆ ಮೂಡಿ ಚೊಂಬು ತಕ್ಷಣ ದುಂಡಗಾಗುತ್ತದೆ. ಆ ರಟ್ಟನ್ನು ಎರಡಿಂಚು ಆಚೀಚೆ ಸರಿಸುತ್ತಾ ನಾನೊಮ್ಮೆ ಅರ್ಧ ದಿನ ಕಳೆದಿದ್ದೇನೆ.

ಜಾಹೀರಾತಿನ ತಂಪು ಬಾಟಲಿ ಮೇಲೆ ಹನಿಗಳು ಇರುತ್ತವಲ್ವಾ? ಹೆಚ್ಚಾಗಿ ಅದು ಗ್ಲಿಸರಿನ್ ಬೆರೆಸಿದ ನೀರು. ಬರೀ ನೀರು ಬೇಗ ಇಳಿದು ಒಣಗಿಬಿಡುತ್ತದೆ.

ಆದರೆ ಹೊಸಬರಿಗೆ ಇಂಥ ಮಜಾ ಕೆಲಸ ಮೊದಲೇ ಸಿಗುವುದಿಲ್ಲ. ಸಿಗುವುದು ಆನ್‌ಲೈನ್ ಅಂಗಡಿಗಳ ಕ್ಯಾಟಲಾಗ್. ಅಮೆಜಾನ್‌ನ ಮುಖ್ಯ ಚಿತ್ರಕ್ಕೆ ಹಿನ್ನೆಲೆ ಅಪ್ಪಟ ಬಿಳಿ ಬೇಕು, ಅಂದರೆ ಆರ್‌ಜಿಬಿ (ಕೆಂಪು, ಹಸಿರು, ನೀಲಿ ಬಣ್ಣಗಳ ಅಳತೆ) ಮೂರೂ ಪೂರ್ತಿ, 255, 255, 255. ವಸ್ತು ಚೌಕಟ್ಟಿನ ಶೇ. 85ರಷ್ಟು ತುಂಬಿರಬೇಕು. ಒಂದೇ ಕೋನ, ಒಂದೇ ಲೈಟು, ಸಾಲು ಸಾಲು ಚಪ್ಪಲಿ. ಬೇಜಾರಾಗುತ್ತದೆ, ಸುಳ್ಳು ಹೇಳಲ್ಲ. ಸೇರುವ ಮುಂಚೆ ಒಂದು ಕೇಳಿಕೊಳ್ಳಿ: ರೀಟಚಿಂಗ್‌ಗೆ, ಅಂದರೆ ಕಂಪ್ಯೂಟರಿನಲ್ಲಿ ಫೋಟೋ ತಿದ್ದುವುದಕ್ಕೆ, ಬೇರೆ ಜನ ಇದ್ದಾರಾ, ಅಥವಾ ರಾತ್ರಿ ಅದೂ ನಿಮ್ಮ ತಲೆಗೇ ಬರುತ್ತದಾ ಅಂತ.