ರಾತ್ರಿ ಗೂಡಲ್ಲಿ ಗೊರಗೊರ ಸದ್ದು

ಪ್ರಶ್ನೆ: ನಮಸ್ತೆ ಡಾಕ್ಟ್ರೇ, ನಮ್ದು ತಿಪಟೂರು ಹತ್ರ ಹಳ್ಳಿ. ಹಿತ್ತಲಲ್ಲಿ ಒಂದು ಹುಂಜ, ಹನ್ನೊಂದು ಹ್ಯಾಟೆ ನಾಟಿಕೋಳಿ ಇದಾವೆ. ಹೋದ ತಿಂಗಳು ಸಂತೆಯಿಂದ ಇನ್ನೆರಡು ತಂದು ಬಿಟ್ವಿ, ಹತ್ತು ದಿನಕ್ಕೆ ಶುರುವಾಯ್ತು ನೋಡಿ, ರಾತ್ರಿ ಗೂಡಿಂದ ಗೊರಗೊರ ಸದ್ದು, ಹಗಲು ಸೀನೋದು, ಮೂರು ಕೋಳಿಗೆ ಕಣ್ಣಲ್ಲಿ ಸೋಪಿನ ನೊರೆ ಥರ. ಮೇಯ್ತವೆ, ಯಾವುದೂ ಸತ್ತಿಲ್ಲ, ಮೊಟ್ಟೆ ಮಾತ್ರ ಅರ್ಧಕ್ಕೆ ಇಳಿದಿದೆ. ಬೆಳ್ಳುಳ್ಳಿ ಅರಿಶಿನ ತಿನ್ನಿಸಾಯ್ತು, ನಮ್ ಯಜಮಾನ್ರು ಅವರ ಕೆಮ್ಮಿನ ಸಿರಪ್ಪೇ ಒಂದೊಂದು ಚಮಚ ಹೊಯ್ದ್ರು. ಮಗೂಗೆ ಕೊಟ್ಟಿದ್ದ ಅಮಾಕ್ಸಿಸಿಲಿನ್ ಉಳಿದಿದೆ, ಅದನ್ನ ಕೊಡಬಹುದಾ?

ಉತ್ತರ: ಬೇಡ ತಾಯಿ. ಆ ಸಿರಪ್ಪನ್ನೂ ಯಜಮಾನ್ರೇ ಕುಡೀಲಿ. ಕೋಳಿ ಬಾಯಿ ಬಿಡಿಸಿ ನೋಡಿ, ನಾಲಿಗೆ ಬುಡದಲ್ಲೇ ಒಂದು ಸಣ್ಣ ಸೀಳು ಮುಚ್ಚಿ ತೆರೆದು ಮಾಡ್ತಿರತ್ತೆ, ಅದೇ ಶ್ವಾಸನಾಳದ ಬಾಗಿಲು, ಚಮಚದಲ್ಲಿ ಹೊಯ್ದಿದ್ದು ನೆಟ್ಟಗೆ ಅದರೊಳಗೇ ಹೋಗಬಹುದು, ಕಾಯಿಲೆಯಿಂದ ಸಾಯದ ಕೋಳಿ ಔಷಧಿಯಿಂದ ಸಾಯತ್ತೆ.

ನೀವು ಹೇಳೋ ಲಕ್ಷಣ ನೋಡಿದ್ರೆ ಇದು ಸಿಆರ್‌ಡಿ ಅನ್ಸತ್ತೆ, ಅಂದ್ರೆ ಕೋಳಿಗಳ ದೀರ್ಘಕಾಲದ ಉಸಿರಾಟದ ರೋಗ. ಮೈಕೋಪ್ಲಾಸ್ಮಾ ಅನ್ನೋ ಸೂಕ್ಷ್ಮಜೀವಿಯಿಂದ ಬರೋದು. ನಿಮ್ಮ ಅಮಾಕ್ಸಿಸಿಲಿನ್ ಕೆಲಸ ಮಾಡೋದು ಬ್ಯಾಕ್ಟೀರಿಯಾದ ಸುತ್ತ ಇರೋ ಗೋಡೆ ಒಡೆದು, ಈ ಮೈಕೋಪ್ಲಾಸ್ಮಾಗೆ ಆ ಗೋಡೆನೇ ಇಲ್ಲ, ಹಾಗಾಗಿ ಡಬ್ಬಿ ಖಾಲಿ ಆದ್ರೂ ಅದಕ್ಕೇನೂ ಆಗಲ್ಲ. ಇನ್ನೊಂದು ಅನುಮಾನ ಇಟ್ಕೊಳ್ಳಿ, ಕೊರೈಜಾ, ಅಂದ್ರೆ ಕೋಳಿಗಳ ನೆಗಡಿ ರೋಗ. ಅದರಲ್ಲಿ ಮುಖ ಒಂದು ಕಡೆ ಊದ್ಕೊಂಡು ಮೂಗಿನ ಸಿಂಬಳ ಕೊಳೆತ ವಾಸನೆ ಬರತ್ತೆ. ಕೋಳಿ ಹಿಡ್ಕೊಂಡು ಮೂಗಿನ ಹತ್ರ ಮೂಸಿ ನೋಡಿ, ನಗಬೇಡಿ, ನಾನು ಇವತ್ತಿಗೂ ಹಾಗೇ ಮಾಡೋದು.

ಸಿಆರ್‌ಡಿಗೆ ಟೈಲೋಸಿನ್ ಚೆನ್ನಾಗಿ ಹಿಡಿಯತ್ತೆ, ಸಾಮಾನ್ಯವಾಗಿ ಲೀಟರ್ ನೀರಿಗೆ ಅರ್ಧ ಗ್ರಾಂ ಟೈಲೋಸಿನ್ ಲೆಕ್ಕ, 3ರಿಂದ 5 ದಿನ, ಆದ್ರೆ ನಿಮ್ಮೂರ ಪಶುವೈದ್ಯರು ಒಮ್ಮೆ ನೋಡಿ ಬರೆದು ಕೊಡ್ಲಿ. ತೊಂದರೆ ಏನಪ್ಪಾ ಅಂದ್ರೆ ಪ್ಯಾಕೆಟ್ಟುಗಳೆಲ್ಲ ಸಾವಿರಗಟ್ಲೆ ಕೋಳಿ ಇರೋ ಫಾರಂ ಲೆಕ್ಕದಲ್ಲಿ ಬರ್ತವೆ. ದೊಡ್ಡ ಕೋಳಿ ದಿನಕ್ಕೆ ಕಾಲು ಲೀಟರ್ ಆಸುಪಾಸು ಕುಡಿಯತ್ತೆ, ನಿಮ್ಮ ಹದಿನಾಲ್ಕಕ್ಕೆ ಮೂರೂವರೆ ಲೀಟರ್ ಸಾಕು, ಅಷ್ಟಕ್ಕೇ ಬೆರೆಸಿ, ದಿನಾ ಬೆಳಗ್ಗೆ ಹೊಸದು. ಮುಖ್ಯವಾಗಿ ಆ ಐದು ದಿನ ಕೋಳಿಗಳನ್ನ ಗೂಡಲ್ಲೇ ಕೂಡಿ ಹಾಕಿ. ಪಾತ್ರೆ ತೊಳೆಯೋ ಕಲ್ಲಿನ ಹತ್ರ ನೀರು ಸಿಗೋವಾಗ ಕಹಿ ನೀರು ಯಾವ ಕೋಳಿ ಕುಡಿಯತ್ತೆ ಹೇಳಿ? ಅರ್ಧ ಜನ "ಔಷಧಿ ಹತ್ತಲಿಲ್ಲ" ಅನ್ನೋದು ಇದಕ್ಕೇ.

ಇನ್ನೊಂದು ಔಷಧಿ ಟಯಾಮುಲಿನ್, ಅದೂ ಒಳ್ಳೇದೇ, ಆದ್ರೆ ಬ್ರಾಯ್ಲರ್ ಫೀಡ್ ಹಾಕ್ತಿದ್ರೆ ಮುಟ್ಟಬೇಡಿ. ಆ ಫೀಡಲ್ಲಿ ರಕ್ತಭೇದಿ ಬರದ ಹಾಗೆ ಮೊನೆನ್ಸಿನ್, ಸಲಿನೋಮೈಸಿನ್ ಥರದ್ದು ಸೇರಿಸಿರ್ತಾರೆ, ಅದೂ ಇದೂ ಹೊಟ್ಟೇಲಿ ಸೇರಿದ್ರೆ ವಿಷ, ಕೋಳಿ ಕಾಲಿನ ಶಕ್ತಿನೇ ಹೋಗತ್ತೆ. ಯಾರಾದ್ರೂ ಕೊಲಿಸ್ಟಿನ್ ಅನ್ನೋ ಆಂಟಿಬಯೋಟಿಕ್‌ನ ಹಳೇ ಪುಡಿ ಕೊಟ್ರೆ ವಾಪಸ್ ಕೊಡಿ, ಕೋಳಿ, ದನ, ಮೀನಿಗೆ ಅದನ್ನ ಕೊಡೋದನ್ನ 2019ರಲ್ಲೇ ಕೇಂದ್ರ ಸರ್ಕಾರ ನಿಷೇಧ ಮಾಡಿದೆ.

ಇನ್ನು ಬೇಜಾರಿನ ಮಾತು. ವಾಸಿ ಆದ ಕೋಳಿ ಕೂಡ ಈ ರೋಗಾಣುನ ಮೈಯಲ್ಲಿ ಇಟ್ಕೊಂಡೇ ಇರತ್ತೆ, ಮೊಟ್ಟೆ ಮೂಲಕ ಮರಿಗೂ ದಾಟಿಸತ್ತೆ, ಚಳಿಗೆ ಮಳೆಗೆ ಮತ್ತೆ ಗೊರಗೊರ ಶುರು. ಹಾಗಾಗಿ ಇವುಗಳ ಮೊಟ್ಟೆನ ಕಾವಿಗೆ ಇಡಬೇಡಿ. ಮುಂದೆ ಸಂತೆ ಕೋಳಿ ತಂದ್ರೆ ಮೂರು ವಾರ ಬೇರೆ ಕಡೆ ಕಟ್ಟಿ, ನೀರಿನ ಬಾನಿನೂ ಬೇರೆ.

ಪ್ರಶ್ನೆ: ಸಾರ್, ಕೊಪ್ಪಳ ಜಿಲ್ಲೆ ನಮ್ದು. ಇಪ್ಪತ್ತು ಕೋಳಿಯಲ್ಲಿ ನಾಕು ದಿನದಾಗ ಒಂಬತ್ತು ಸತ್ವು. ಬಾಯಿ ತೆರದು ಉಸಿರಾಡ್ತಾವು, ಹಸಿರು ಹಿಕ್ಕಿ, ಎರಡು ಕೋಳಿ ಕುತ್ತಿಗಿ ತಿರುಚಿಕೊಂಡು ಆಕಾಶ ನೋಡ್ತಾವು. ಏನ್ ಇಂಜೆಕ್ಷನ್ ಮಾಡಸ್ಲಿ? ಉಳಿದವನ್ನ ಮಾರಿಬಿಡ್ಲಾ?

ಉತ್ತರ: ಮಾರಬ್ಯಾಡ್ರಿ. ಇದು ಕೊಕ್ಕರೆ ರೋಗ ಅನ್ನೋ ಹಾಗೇ ಇದೆ, ವೈರಸ್ಸು, ಬಂದ ಮೇಲೆ ಔಷಧಿ ಇಲ್ಲ, ಯಾವ ಆಂಟಿಬಯೋಟಿಕ್ಕೂ ನಡೆಯಲ್ಲ. ಆದ್ರೆ ಹಕ್ಕಿಜ್ವರ ಬಂದ್ರೂ ಹೀಗೇ ಪಟಪಟ ಸಾಯ್ತವೆ, ನೋಡಿದ ಮಾತ್ರಕ್ಕೆ ಎರಡನ್ನೂ ಬೇರೆ ಮಾಡಕ್ಕೆ ಆಗಲ್ಲ, ಅದಕ್ಕೇ ಇವತ್ತೇ ಪಶು ಆಸ್ಪತ್ರೆಗೆ ಹೇಳಿ ಅಥವಾ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಸತ್ತದ್ದನ್ನ ಬರಿಗೈಲಿ ಮುಟ್ಟಬೇಡಿ, ಕುಯ್ಯಬೇಡಿ, ಹಳ್ಳಕ್ಕೆ ಎಸೀಬೇಡಿ, ಆಳವಾಗಿ ಗುಂಡಿ ತೆಗೆದು ಸುಣ್ಣ ಹಾಕಿ ಮುಚ್ಚಿ. ಸಾಯೋ ಮುಂಚೆ ಕುಯ್ದು ಸಾರು ಮಾಡೋದು, ಇಲ್ಲಾ ಸಂತೆಗೆ ಒಯ್ಯೋದು, ಎರಡೂ ಬೇಡ, ನಮ್ಮಲ್ಲಿ ಕೊಕ್ಕರೆ ರೋಗ ಊರಿಂದ ಊರಿಗೆ ಹೋಗೋದೇ ಆ ಸಂತೆ ಬುಟ್ಟಿಯಲ್ಲಿ.

ಇದನ್ನ ರಾಣಿಖೇತ್ ರೋಗ ಅಂತಲೂ ಕರೀತಾರೆ, 1920ರ ದಶಕದಲ್ಲಿ ಈಗಿನ ಉತ್ತರಾಖಂಡದ ರಾಣಿಖೇತದಲ್ಲಿ ಕಂಡಿದ್ದಕ್ಕೆ ಆ ಹೆಸರು. ಮುಂದಿನ ಸಲ ಮರಿ ತಂದಾಗ 5ರಿಂದ 7ನೇ ದಿನಕ್ಕೆ ಎಫ್ ಅಥವಾ ಲಸೋಟಾ ಲಸಿಕೆ ಕಣ್ಣಿಗೋ ಮೂಗಿಗೋ ಒಂದು ಹನಿ, 4 ವಾರಕ್ಕೆ ಇನ್ನೊಮ್ಮೆ ಲಸೋಟಾ, 8 ವಾರ ದಾಟಿದ ಮೇಲೆ ಆರ್2ಬಿ ಚುಚ್ಚುಮದ್ದು ಅರ್ಧ ಎಂಎಲ್ ಚರ್ಮದ ಕೆಳಗೆ. ಆರ್2ಬಿ ಸ್ವಲ್ಪ ಜೋರು, ಎಳೇ ಮರಿಗೆ ಹಾಕಿದ್ರೆ ಅದೇ ರೋಗ ಆಗಿ ಕೂರತ್ತೆ.

"ನಮ್ಮ ಹತ್ತು ಕೋಳಿಗೆ ನೂರು ಕೋಳಿ ಬಾಟ್ಲಿ ಯಾರು ತರ್ತಾರೆ" ಅಂತ ಎಲ್ಲರೂ ಕೇಳ್ತಾರೆ. ಓಣಿಯವರೆಲ್ಲ ಸೇರಿ ತರಿಸಿ. ಐಸ್ ಹಾಕಿದ ಫ್ಲಾಸ್ಕಲ್ಲಿ ಬರಬೇಕು, ಬಿಸಿಲಿಳಿದ ಮೇಲೆ ಮನೆ ಮನೆಗೆ ಹೋಗಿ ಹಾಕಬೇಕು, ಕಲಸಿದ ಮೇಲೆ ಎರಡು ಗಂಟೆ ಒಳಗೆ ಮುಗಿಸಬೇಕು. ಒಂದ್ಸಲ ನಾನೇ ಬಾಟ್ಲಿನ ಬೈಕಿನ ಡಿಕ್ಕೀಲಿಟ್ಟು ಟೀ ಕುಡಿಯಕ್ಕೆ ನಿಂತು ಮಾತಲ್ಲಿ ಮೈಮರೆತಿದ್ದೆ, ಅರವತ್ತು ಕೋಳಿ ಲಸಿಕೆ ಬಿಸಿಲಿಗೆ ಕೆಟ್ಟಿತ್ತು, ಗೊತ್ತಾದ ಮೇಲೆ ಚೆಲ್ಲಿ ಮಾರನೇ ದಿನ ಮತ್ತೆ ತಂದೆ. ಇನ್ನೊಂದು, ಲಸಿಕೆ ಆರೋಗ್ಯ ಇರೋ ಕೋಳಿಗೆ ಮಾತ್ರ, ಈಗ ಗೂಡಲ್ಲಿ ರೋಗ ಓಡಾಡ್ತಿರೋವಾಗ ಹಾಕಿಸಿ ಉಳಿಸ್ತೀನಿ ಅಂದ್ರೆ ಆಗಲ್ಲ.

ಪ್ರಶ್ನೆ: ಮೂಡಿಗೆರೆ ಕಡೆಯವರು ನಾವು. ಎರಡು ವಾರದ ಮರಿಗಳು ಬಾಯಿ ತೆಗೆದು ಕತ್ತು ಚಾಚಿ ಉಸಿರಾಡ್ತವೆ, ಆದ್ರೆ ಗೊರಗೊರ ಸದ್ದೇ ಇಲ್ಲ. ಕೆಳಗೆ ಭತ್ತದ ಹೊಟ್ಟು ಹಾಸಿದೀವಿ, ಮಳೆಗೆ ಸ್ವಲ್ಪ ನೆಂದಿತ್ತು. ಮದ್ದು ಏನು?

ಉತ್ತರ: ಸದ್ದಿಲ್ಲ ಅಂದ್ರಲ್ಲ, ಅದೇ ಸುಳಿವು. ಆ ಹೊಟ್ಟು ಒಂದು ಹಿಡಿ ಎತ್ತಿ ನೋಡಿ, ಮುಗ್ಗಲು ವಾಸನೆ, ಬೂದು ಹಸಿರು ಪುಡಿ ಇದ್ರೆ ಬೂಷ್ಟು ಶ್ವಾಸಕೋಶಕ್ಕೆ ಇಳಿದಿದೆ ಅಂತ. ಕೈಗೆಟಕೋ ಮದ್ದು ಇಲ್ಲ, ಹೊಟ್ಟು ಪೂರ್ತಿ ತೆಗೆದು ದೂರ ಸುರಿದು, ನೆಲ ಒಣಗಿಸಿ, ಬಿಸಿಲಿಗೆ ಹಾಕಿದ ಹೊಸ ಹೊಟ್ಟು ಹಾಸಿ, ಆಂಟಿಬಯೋಟಿಕ್ ಕೊಟ್ರೆ ಬೂಷ್ಟು ಇನ್ನೂ ಹೆಚ್ಚಾಗಬಹುದು. ತೋಟದಲ್ಲಿ ಮೇಯೋ ಸ್ವಲ್ಪ ದೊಡ್ಡ ಮರಿ ಹೀಗೆ ಮಾಡಿದ್ರೆ ಗಂಟಲ ಹುಳ ಇರಬಹುದು, ಎರೆಹುಳ ತಿಂದು ಬರೋದು, ಅದಕ್ಕೆ ಫೆನ್‌ಬೆಂಡಜೋಲ್ ಇದೆ.

ಪ್ರಶ್ನೆ: ಔಷಧಿ ಕೊಟ್ಟ ಕೋಳಿ ಮೊಟ್ಟೆ ತಿನ್ನಬಹುದಾ? (ಹೊಸಕೋಟೆಯಿಂದ)

ಉತ್ತರ: ಔಷಧಿ ನಡೀತಿರೋವಾಗ ಬೇಡ. ಆಮೇಲೆ ಎಷ್ಟು ದಿನ ಬಿಡಬೇಕು ಅನ್ನೋದು ಔಷಧಿಯಿಂದ ಔಷಧಿಗೆ ಬೇರೆ, ಪ್ಯಾಕೆಟ್ ಹಿಂದೆ ಸಣ್ಣಕ್ಷರದಲ್ಲಿ ಇರತ್ತೆ, ಕನ್ನಡಕ ಹಾಕ್ಕೊಂಡು ಓದಿ. ಪ್ಯಾಕೆಟ್ ಬಿಚ್ಚಿ ಚೀಟಿಲಿ ಕಟ್ಟಿಕೊಡೋ ಅಂಗಡೀಲಿ ಔಷಧಿ ತಗೋಬೇಡಿ.