ಅಪ್ಪ ಎ, ಅಮ್ಮ ಬಿ, ಮಗು ಓ?

ಪ್ರಶ್ನೆ: ನನ್ನ ರಕ್ತದ ಗುಂಪು ಎ, ಹೆಂಡತಿಯದು ಬಿ. ಮಗಳದು ಓ ಎಂದು ವರದಿ ಬಂದಿದೆ. ಲ್ಯಾಬಿನವರು ಎಡವಿದ್ದಾರೆಯೇ?

ಉತ್ತರ: ಎಡವಿರಬೇಕಾಗಿಲ್ಲ. ರಕ್ತದ ಗುಂಪನ್ನು ನಿರ್ಧರಿಸುವ ವಂಶವಾಹಿಯ ಒಂದು ಪ್ರತಿ ತಂದೆಯಿಂದ, ಇನ್ನೊಂದು ತಾಯಿಯಿಂದ ಬರುತ್ತದೆ. ಎ, ಬಿ ಪ್ರಬಲ. ಓ ದುರ್ಬಲ, ಜೊತೆಗೆ ಎ ಅಥವಾ ಬಿ ಇದ್ದರೆ ಪರೀಕ್ಷೆಯಲ್ಲಿ ಕಾಣುವುದಿಲ್ಲ. ನೀವು ‘ಎ-ಓ’, ಅವರು ‘ಬಿ-ಓ’ ಆಗಿದ್ದರೆ ಎರಡೂ ಓ ಮಗುವಿಗೆ ಸೇರುವ ಸಾಧ್ಯತೆ ಪ್ರತಿ ಹೆರಿಗೆಯಲ್ಲೂ ಶೇ. 25. ತಂದೆತಾಯಿಯಲ್ಲೊಬ್ಬರು ಎಬಿ ಆಗಿದ್ದು ಮಗು ಓ ಎಂದು ಬಂದರೆ ಮಾತ್ರ ಹೊಸ ಮಾದರಿ ಕೊಟ್ಟು ಮರುಪರೀಕ್ಷೆ ಮಾಡಿಸಿ. 1952ರಲ್ಲಿ ವರದಿಯಾದ ಅಪರೂಪದ ‘ಬಾಂಬೆ ಗುಂಪು’ ಕೂಡ ಮಾಮೂಲಿ ಪರೀಕ್ಷೆಯಲ್ಲಿ ಓ ಎಂದೇ ತೋರಬಹುದು. ಓ ರಕ್ತಕಣಗಳ ಮೇಲಿದ್ದು ಬಾಂಬೆ ಗುಂಪಿನಲ್ಲಿ ಇರದ ‘ಎಚ್’ ಎಂಬ ಅಂಶವನ್ನು ಹುಡುಕುವ ಆಂಟಿ-ಎಚ್ ಪರೀಕ್ಷೆಯಲ್ಲಿ ಬಯಲಾಗುತ್ತದೆ. ಅಂಥವರಿಗೆ ಓ ರಕ್ತ ಕೊಟ್ಟರೂ ಅಪಾಯ.